ಗಾದ್ರಪ್ಪನ ಬೆಸುಗೆ ಯಂತ್ರ

ಗಾದ್ರಪ್ಪನಿಗೆ ಈ ಪಾಡು ಬಂದದ್ದು ಕಮ್ಮಾರ ಜಂಪಣ್ಣನ ಒಂದೇ ಒಂದು ಮಾತಿನಿಂದ. 'ನಾಳೆ ಬಾ' ಎನ್ನುವುದೇ ಆ ಮಾತು. ನೇಗಿಲ ಗುಳ ಒಯ್ದರೂ ನಾಳೆ ಬಾ, ಕುಡುಗೋಲು ಒಯ್ದರೂ ನಾಳೆ ಬಾ. ಒಂದು ದಿನ ಗಾದ್ರಪ್ಪನಿಗೆ ರೇಗಿಹೋಗಿ, ಕುಲುಮೆಯ ಮುಂದೆ ಕೂತ ಜನರೆಲ್ಲರ ಎದುರಿಗೆ, "ಇನ್ನೊಂದ್ಸಲ ಈ ಕುಲುಮೆ ಮೆಟ್ಟಿದ್ರೆ ನನ್ನ ಹೆಸ್ರು ಗಾದ್ರಪ್ಪನೇ ಅಲ್ಲ! ಕಬ್ಬಿಣದ ಬೆಸುಗೆ ನಮ್ಮನೇಲೇ ಹಾಕ್ಕೊಂತೀನಿ!" ಎಂದು ಕೂಗಿ ಬಂದುಬಿಟ್ಟ. ಬೆಸುಗೆ ಹಾಕುವುದು ಹೇಗೆಂದು ಆಗ ಅವನಿಗೆ ಗೊತ್ತಿರಲಿಲ್ಲ. ಆಮೇಲೂ ಗೊತ್ತಾಗಲಿಲ್ಲ ಎನ್ನುವುದು ಬೇರೆ ಮಾತು.

ಅದಾದ ಕೆಲವೇ ದಿನಗಳಲ್ಲಿ ಹಳೇ ಸಾಮಾನಿನ ವ್ಯಾಪಾರಿ ನನ್ನೇಸಾಬ ಮೊಳಕಾಲ್ಮೂರಿಗೆ ಬಂದ. ರಾಯದುರ್ಗಕ್ಕೆ ರೈಲು ಬಂದ ಹೊಸತು. ಹಳಿ ಹಾಕಿದವರು ಬಿಟ್ಟುಹೋದ ಕಬ್ಬಿಣವೆಲ್ಲ ಸುತ್ತಲಿನ ಸಂತೆಗಳಲ್ಲಿ ಕೈಯಿಂದ ಕೈಗೆ ದಾಟುತ್ತಿತ್ತು. ನನ್ನೇಸಾಬನ ಗಾಡಿಯಲ್ಲಿ ಒಂದು ಯಂತ್ರವಿತ್ತು. ಬಸವನಹುಳದ ಚಿಪ್ಪಿನಂತೆ ಸುರುಳಿಯಾದ ಹೊಟ್ಟೆ, ಪಕ್ಕದಲ್ಲಿ ಗಾಳಿ ಎಳೆದುಕೊಳ್ಳಲು ಅಗಲವಾದ ಬಾಯಿ, ಮುಂದೆ ಗಾಳಿ ಉಗುಳಲು ಕೊಳವೆ, ಒಂದು ಹಿಡಿ. ಹಿಡಿ ತಿರುಗಿಸಿದರೆ ಒಳಗಿನ ರೆಕ್ಕೆ ಸುತ್ತಬೇಕು, ಕೊಳವೆಯಿಂದ ಗಾಳಿ ನುಗ್ಗಿ ಇದ್ದಿಲು ಧಗಧಗಿಸಬೇಕು, ಕಬ್ಬಿಣ ಬೆಳ್ಳಗೆ ಕಾದು ಒಂದಕ್ಕೊಂದು ಬೆಸೆದುಕೊಳ್ಳಬೇಕು.

"ವಿಲಾಯ್ತಿ ಮಾಲು ಗಾದ್ರಪ್ಪ. ಸದ್ಯಕ್ಕೆ ಗಾಳಿ ಬರ್ತಿಲ್ಲ, ಸುಳ್ಳು ಯಾಕೆ ಹೇಳ್ಲಿ. ಏನೋ ಸಣ್ಣ ರಿಪೇರಿ ಇರ್ಬೇಕು," ಎಂದ ನನ್ನೇಸಾಬ.

ಗಾದ್ರಪ್ಪನ ಕಿವಿಗೆ ಬಿದ್ದದ್ದು 'ವಿಲಾಯ್ತಿ' ಒಂದೇ. ಹೆಂಡತಿ ಬೊಮ್ಮಕ್ಕ ನೀರಿಗೆ ಹೋದ ಹೊತ್ತು ನೋಡಿ, ಅವಳ ಮೇಕೆಯನ್ನು ಬಿಚ್ಚಿ ಕೊಟ್ಟು ಯಂತ್ರವನ್ನು ಇಳಿಸಿಕೊಂಡ.

ಆ ಮೇಕೆಯ ಹೆಸರು ಬೂದಿ. ಮದುವೆಯಲ್ಲಿ ಬೊಮ್ಮಕ್ಕನ ಅವ್ವ ಕೊಟ್ಟು ಕಳಿಸಿದ ಮರಿ ಅದು. ಮರಿಯಾಗಿದ್ದಾಗ ಹೊಟ್ಟೆ ಉಬ್ಬರಿಸಿ ಸಾಯುವಂತಾಗಿ, ಊರ ಹಿರಿಯರು ಅದರ ಪಕ್ಕೆಗೆ ಸಾಲಾಗಿ ಮೂರು ಬರೆ ಎಳೆದು ಉಳಿಸಿದ್ದರು. ತಲೆ ಹಿಡಿದುಕೊಂಡಿದ್ದ ಬೊಮ್ಮಕ್ಕ ಮೇಕೆಗಿಂತ ಜೋರಾಗಿ ಅತ್ತಿದ್ದಳು. ಈಗ ಖಾಲಿ ಗೂಟ ನೋಡಿ ಅವಳು ಕೇಳಿದ್ದು ಒಂದೇ: "ಬೂದಿ ಎಲ್ರಿ?"

"ಚಳ್ಳಕೆರೇಲಿ ಯಾರೋ ದೊಡ್ಡೋರ ಮನೆಗೆ ಹೋಯ್ತು ಕಣೆ. ಹಸಿ ಹುಲ್ಲು, ನೆರಳು, ಸುಖವಾಗೈತಂತೆ," ಎಂದ ಗಾದ್ರಪ್ಪ. ದೊಡ್ಡೋರು, ಹುಲ್ಲು, ನೆರಳು ಎಲ್ಲವೂ ಅಲ್ಲೇ ನಿಂತಲ್ಲೇ ಹುಟ್ಟಿದವು.

ಬೊಮ್ಮಕ್ಕ ಸೀರೆ ಗಂಟು ಕಟ್ಟಿದಳು. "ಬರೋ ಹುಣ್ಣಿಮೆ ತನಕ ನೋಡ್ತೀನಿ. ಆ ಯಂತ್ರ ಬೆಸೆದ ಚಕ್ರದ ಮ್ಯಾಲೆ ಗಾಡಿ ಹೊಡ್ಕೊಂಡು ಬರ್ರಿ, ಇಲ್ಲಾ ನನ್ನ ಬೂದೀನ ಹಿಡ್ಕೊಂಡು ಬರ್ರಿ. ಎರಡೂ ಇಲ್ಲಾಂದ್ರೆ ಬರ್ಲೇಬ್ಯಾಡ್ರಿ," ಎಂದು ಕೊಂಡ್ಲಹಳ್ಳಿಯ ತವರಿಗೆ ಹೊರಟುಹೋದಳು.

ಜಂಪಣ್ಣನ 'ನಾಳೆ'ಗೆ ರೇಗಿದ್ದ ಗಾದ್ರಪ್ಪ ತಾನೇ ನಾಳೆ, ನಾಳೆ ಎನ್ನುತ್ತ ಹುಣ್ಣಿಮೆಯ ಬೆಳಗಿನ ತನಕ ಬಂದ. ಅವನ ಗಾಡಿಯ ಒಂದು ಚಕ್ರದ ಸುತ್ತಿನ ಕಬ್ಬಿಣದ ಪಟ್ಟಿ ಬೆಸುಗೆ ಬಿಟ್ಟು ಬಾಯ್ದೆರೆದು ಬಹಳ ದಿನವಾಗಿತ್ತು. ಅದನ್ನು ಅಂಗಳದಲ್ಲಿ ಇಟ್ಟು, ಇದ್ದಿಲು ಹೊತ್ತಿಸಿ, ದೇವರಿಗೆ ಕೈಮುಗಿದು ಹಿಡಿ ತಿರುಗಿಸಿದ. ಯಂತ್ರ ಗರಗರ ಎಂದು ಊರಿಗೆಲ್ಲ ಕೇಳುವಂತೆ ಸದ್ದು ಮಾಡಿತು. ಕೊಳವೆಯ ಕಡೆ ಏನೋ ಕಟಕಟ ಎಂದಿತು. ಗಾಳಿ ಮಾತ್ರ ಮುದುಕರ ನಿಟ್ಟುಸಿರಿನಷ್ಟೂ ಬರಲಿಲ್ಲ.

ಸದ್ದಿಗೆ ಮೊದಲು ಬಂದವನು ಪಕ್ಕದ ಮನೆಯ ತಿಪ್ಪೇರುದ್ರಪ್ಪ. ಒಮ್ಮೆ ರಾಯದುರ್ಗದಿಂದ ಬಳ್ಳಾರಿಗೆ ರೈಲಿನಲ್ಲಿ ಹೋಗಿಬಂದ ಮೇಲೆ, ಕಬ್ಬಿಣದ ವಿಷಯದಲ್ಲಿ ಅವನ ಮಾತೇ ಕೊನೆಯ ಮಾತು.

"ಲೇ ಗಾದ್ರಿ, ಯಂತ್ರಕ್ಕೆ ಎಣ್ಣೆ ಬಿಡದೆ ತಿರುಗಿಸ್ತೀಯಲ್ಲೋ! ಅಷ್ಟು ದೊಡ್ಡ ರೈಲಿಗೇ ಎಣ್ಣೆ ಬೇಕು."

"ಎಲ್ಲಿಗೆ ಬಿಡ್ಬೇಕಣ್ಣ?"

"ಬಾಯಿ ಐತಲ್ಲ, ಬಾಯಿಗೆ ಬಿಡು!"

ಮನೆಯಲ್ಲಿದ್ದ ಹರಳೆಣ್ಣೆ ಪೂರಾ ಬಾಯಿಗೆ ಹೋಯಿತು. ಗಾದ್ರಪ್ಪ ಹಿಡಿ ತಿರುಗಿಸಿದ. ರೆಕ್ಕೆ ಕುಡಿದದ್ದನ್ನೆಲ್ಲ ಅದೇ ಬಾಯಿಂದ ತಿಪ್ಪೇರುದ್ರಪ್ಪನ ಮುಖಕ್ಕೆ ಎರಚಿತು. ಅವನು ಮೀಸೆ ಒರೆಸಿಕೊಳ್ಳುತ್ತ, "ಎಣ್ಣೆ ಸರಿಯಾಗಿ ಹತ್ತೈತೆ," ಎಂದು ತೀರ್ಪು ಕೊಟ್ಟ.

ಅಷ್ಟರಲ್ಲಿ ಎದುರು ಮನೆಯ ಸೂರಮ್ಮ ಬಂದಳು. "ದೇವುಡಾ! ಇದು ಎಣ್ಣೆ ಕೆಲಸ ಅಲ್ಲಪ್ಪ, ದೃಷ್ಟಿ. ಕೇರಿಯೋರೆಲ್ಲ ಬಂದು ಬಂದು ನೋಡಿಹೋದ್ರಲ್ಲ, ಯಾರ ಕಣ್ಣು ಹೆಂಗೋ!" ಎಂದು ಒಣಮೆಣಸಿನಕಾಯಿ ನಿವಾಳಿಸಿ ಇದ್ದಿಲಿನ ಮೇಲೆ ಸುರಿದಳು. ಘಾಟು ನೇರವಾಗಿ ಯಂತ್ರದ ಬಾಯೊಳಗೆ ಹೋಗಿ, ಸಂದುಸಂದಿನಿಂದ ಕೇರಿಗೆಲ್ಲ ಹರಡಿತು. ಜನ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುವುದನ್ನು ಕಂಡು, ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಸಾವಿನ ಮನೆಯೆಂದು ತಿಳಿದು ಚಪ್ಪಲಿ ಬಿಟ್ಟು ಒಳಗೆ ಬಂದ.

"ಬಿಚ್ಚಿಬಿಡಾನ," ಎಂದ ತಿಪ್ಪೇರುದ್ರಪ್ಪ. ಹೊಟ್ಟೆ ಬಿಚ್ಚಿದರು, ರೆಕ್ಕೆ ಒರೆಸಿದರು, ಹಿಡಿ ಕಳಚಿದರು. ಕೊಳವೆಯ ತಿರುಪನ್ನೂ ಸಡಿಲಿಸಿದರು. ಆದರೆ ಬರೀ ಕೊಳವೆಯಲ್ಲಿ ಏನಿರುತ್ತದೆ ಎಂದು ಅದರೊಳಗೆ ಯಾರೂ ಇಣುಕಲಿಲ್ಲ. ಮತ್ತೆ ಜೋಡಿಸಿದಾಗ ಒಂದು ತಿರುಪು ಕೈಯಲ್ಲೇ ಉಳಿಯಿತು.

"ಇದೆಲ್ಲಿಂದಣ್ಣ?"

"ಹೆಚ್ಚಿಗೆ ಒಂದು ಹಾಕಿರ್ತಾರಪ್ಪ. ವಿಲಾಯ್ತಿ ಮಂದಿ, ಕೈ ದೊಡ್ಡದು," ಎಂದ ತಿಪ್ಪೇರುದ್ರಪ್ಪ. ಈ ಸಲ ಯಂತ್ರದಿಂದ ಸದ್ದೂ ಸರಿಯಾಗಿ ಬರಲಿಲ್ಲ.

ಹೊತ್ತು ಇಳಿಯತೊಡಗಿತು. ನೆರೆಹೊರೆಯವರು ತಂತಮ್ಮ ಮನೆಗೆ ಮುಖ ತೊಳೆಯಲು ಹೋದರು. ಗಾದ್ರಪ್ಪನಿಗೆ ನಿಜವಾಗಿಯೂ ಅಳು ಬಂತು. ಒಂದು ತಿಂಗಳಿಂದ ಅವನು ಗಂಟುಗಂಟಾದ ಮುದ್ದೆ ತಾನೇ ತಿರುವಿಕೊಂಡು ತಿಂದಿದ್ದ. ಅದನ್ನಾದರೂ ತಡೆದುಕೊಂಡಾನು, ಬೈಯುವವರಿಲ್ಲದ ಮನೆಯನ್ನು ತಡೆಯಲಾರ. ಮಾನ ಮರ್ಯಾದೆಯೆಲ್ಲ ಹೋಗಲಿ ಎಂದು ಯಂತ್ರವನ್ನು ಹೆಗಲಿಗೇರಿಸಿ, ಪಟ್ಟಿ ಸಮೇತ ಚಕ್ರವನ್ನು ಉರುಳಿಸಿಕೊಂಡು, ಹಿಂದಿನ ಓಣಿಯಿಂದ ಜಂಪಣ್ಣನ ಕುಲುಮೆಗೆ ಹೋದ.

ಜಂಪಣ್ಣ ಇಕ್ಕಳ ಕೆಳಗಿಟ್ಟು, "ಬಾರಪ್ಪ, ಬಾ. ಈಗ ಏನು ಹೆಸ್ರು ನಿಂದು?" ಎಂದು ಕೇಳಿದ.

"ಏನಾರ ಕರಿಯೋ ಮಾರಾಯ. ಈ ಯಂತ್ರ ಬೇಕಾದ್ರೆ ನೀನೇ ಇಟ್ಕೋ. ಪಟ್ಟಿ ಒಂದು ಬೆಸೆದುಕೊಡು."

ಯಂತ್ರ ಕಂಡದ್ದೇ ಜಂಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ನಂದೇ ಕಣಲೇ! ರಾಯದುರ್ಗದಿಂದ ನಾನೇ ಹೊತ್ತು ತಂದು ಯಾರಿಗೂ ತೋರಿಸ್ದೆ ಒಳಗಿಟ್ಟಿದ್ದೆ. ಮನೇಲಿ ಇದಕ್ಕೆ ಪೂಜೆ ಮಾಡಿಸಿದ ದಿನದಿಂದ್ಲೇ ಗಾಳಿ ನಿಂತೋಯ್ತು. ನನ್ನೇಸಾಬನ ತಲೆಗೆ ಕಟ್ಟಿದೆ. ಹೋಗ್ಲಿ, ತಿದಿ ಒತ್ತು ಬಾ. ಹೊಸಾ ತಿದಿ, ಗಾಳಿ ಹೆಂಗೈತೆ ನೋಡು."

ತಿದಿ ನಿಜಕ್ಕೂ ಹೊಸದು, ಚರ್ಮದ ಎರಡು ಚೀಲ. ಒತ್ತಿದ ಹಾಗೆ ಗಾಳಿ ಭುಸುಗುಟ್ಟಿ ನುಗ್ಗಿತು. ಪಟ್ಟಿ ಬೆಳ್ಳಗೆ ಕಾಯಿತು, ಜಂಪಣ್ಣನ ಸುತ್ತಿಗೆ ನಾಲ್ಕು ಏಟು ಹಾಕುವಷ್ಟರಲ್ಲಿ ಬಾಯಿ ಮುಚ್ಚಿ ಒಂದಾಯಿತು. ಚಕ್ರಕ್ಕೆ ಪಟ್ಟಿ ತೊಡಿಸಿ ನೀರು ಸುರಿದರು. ಬೆಳಗಿಂದ ಊರೆಲ್ಲ ಸೇರಿ ಮಾಡಲಾಗದ ಕೆಲಸ ಮುಗಿದೇಹೋಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಬೊಮ್ಮಕ್ಕ ನಿಂತಿದ್ದಳು. ಬೆಳಗಿಂದ ದಾರಿ ಕಾದು, ಗಂಡ ಆ ಹಾಳು ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡನೇನೋ ಎಂದು ಹೆದರಿ, ಈರುಳ್ಳಿ ಗಾಡಿ ಹತ್ತಿ ತಾನೇ ಬಂದಿದ್ದಳು. ಮಸಿ, ಎಣ್ಣೆ, ಮೆಣಸಿನ ಘಾಟಿಗೆ ಕೆಂಪಾದ ಕಣ್ಣು. ಗಂಡನ ಈ ರೂಪ ಕಂಡು ಅವಳಿಗೆ ನಗುವೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು.

"ಯಂತ್ರ ಬೆಸೀತೇನ್ರಿ?"

"ಹೂಂ, ನೋಡು!" ಎಂದ ಗಾದ್ರಪ್ಪ, ಚಕ್ರ ತೋರಿಸಿ. ಜಂಪಣ್ಣ ಬರೀ ಕೆಮ್ಮಿದ.

"ಸಾಕು ಬಿಡ್ರಿ. ಮನೆಗೋಗಾನ ನಡೀರಿ," ಎಂದು ಬೊಮ್ಮಕ್ಕ ದಣಿವಾರಿಸಿಕೊಳ್ಳಲು ತಿದಿಯ ಪಕ್ಕ ಕೂತಳು. ಚರ್ಮದ ಮೇಲೆ ಕೈಯೂರಿದಳು. ಕೈ ಅಲ್ಲೇ ನಿಂತಿತು. ಬೆರಳಿನಿಂದ ಮೆಲ್ಲಗೆ ಸವರಿದಳು. ಒಂದು ಬರೆ. ಅದರ ಪಕ್ಕ ಇನ್ನೊಂದು. ಅದರ ಪಕ್ಕ ಮತ್ತೊಂದು.

"ಜಂಪಣ್ಣ, ಈ ಚರ್ಮ ಎಲ್ಲಿಂದ ತಂದೆ?"

"ನನ್ನೇಸಾಬ ಕೊಟ್ಟನವ್ವ. ಈ ಯಂತ್ರ ಅವನಿಗೆ ಕೊಟ್ಟೆ, ಒಳ್ಳೇ ಮೇಕೆ ಚರ್ಮ ಬಂದಾಗ ಕೊಡ್ತೀನಿ ಅಂದ. ಹದಿನೈದು ದಿನಕ್ಕೆ ತಂದುಕೊಟ್ಟ."

ಬೊಮ್ಮಕ್ಕ ಗಂಡನ ಕಡೆ ತಿರುಗಿದಳು. "ಚಳ್ಳಕೆರೆ. ದೊಡ್ಡೋರ ಮನೆ. ಹಸಿ ಹುಲ್ಲು."

ಹಿಂದೆ ಸರಿದ ಗಾದ್ರಪ್ಪನ ಕೈ ತಿದಿಯ ಮೇಲೆ ಬಿತ್ತು. ಹೆದರಿಕೆಗೆ ತಾನಾಗಿ ಒತ್ತಿತು. ತಿದಿ 'ಉಸ್ಸ್' ಎಂದಿತು. ಬೊಮ್ಮಕ್ಕ ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟಳು. ಆಮೇಲೆ ಎದ್ದು, ಕಾಲ ಬಳಿಯಿದ್ದ ಯಂತ್ರವನ್ನು ಒದ್ದಳು. ಅದು ಕಟ್ಟೆಯಿಂದ ಉರುಳಿತು, ತಿರುಪಿಲ್ಲದ ಕೊಳವೆ ಕಳಚಿಕೊಂಡಿತು. ಅದರೊಳಗಿಂದ ಒಣಗಿ ಕಪ್ಪಾಗಿ ಕಲ್ಲಿನಂತಾದ ಒಂದು ನಿಂಬೆಹಣ್ಣು ಹೊರಬಿದ್ದು, ಎಲ್ಲರ ಕಾಲ ನಡುವೆ ಉರುಳಿತು.

ಒಳಗಿಂದ ಬಂದ ಜಂಪಣ್ಣನ ಹೆಂಡತಿ ಕರಿಯಕ್ಕ ಕೆನ್ನೆಗೆ ಕೈಯಿಟ್ಟುಕೊಂಡಳು. "ಅಯ್ಯೋ, ಪೂಜೆ ದಿನ ನಾನಿಟ್ಟ ಹಣ್ಣು! ಗಾಡಿ ಚಕ್ರಕ್ಕೆ ಅಡಿಯಾಗ ಇಡ್ತೀವಿ, ಇದಕ್ಕೆ ಅಡಿ ಇರ್ಲಿಲ್ಲ, ಬಾಯಾಗಿಟ್ಟೆ. ಆಮೇಲೆ ಎಲ್ಲೋಯ್ತೋ ಅಂತ ಹುಡುಕಿದ್ದೇ ಹುಡುಕಿದ್ದು!"

ಗಾದ್ರಪ್ಪ ಆಸೆ ಬಿಡದೆ ಬಗ್ಗಿ, ಜೇಬಿನ ತಿರುಪು ಹಾಕಿ ಕೊಳವೆ ಕೂರಿಸಿ, ಹಿಡಿ ತಿರುಗಿಸಿದ. ಗಾಳಿ ಬಿರುಗಾಳಿಯಾಗಿ ನುಗ್ಗಿ ಕುಲುಮೆಯ ಬೂದಿಯೆಲ್ಲ ಎದ್ದಿತು.

"ಬೊಮ್ಮಿ, ನೋಡೇ! ರಿಪೇರಿ ಆಯ್ತು!"

ಬೂದಿಯ ನಡುವಿನಿಂದ ಬೊಮ್ಮಕ್ಕನ ದನಿ ಬಂತು. "ಚಕ್ರ ಏರಿಸ್ರಿ. ಗಾಡಿ ಕಟ್ರಿ."

ಗಾದ್ರಪ್ಪನ ಮುಖ ಅರಳಿತು. "ಮನೆಗೇನೇ?"

"ನಮ್ಮವ್ವನ ಮನೆಗೆ."

ಗಾದ್ರಪ್ಪ ಗಾಡಿ ಕಟ್ಟಿದ. ಹಿಂದೆ ಕೂತವಳು ಒಂದು ಮಾತೂ ಆಡಲಿಲ್ಲ. ಜಂಪಣ್ಣನ ಬೆಸುಗೆ ಎಷ್ಟು ಗಟ್ಟಿಯಿತ್ತೆಂದರೆ, ಕೊಂಡ್ಲಹಳ್ಳಿ ಮುಟ್ಟುವ ತನಕ ಚಕ್ರವೂ ಒಂದು ಮಾತು ಆಡಲಿಲ್ಲ.