ಮಾವನ ಗಾಳ, ದನದ ಹಗ್ಗ

ನನ್ನ ಸೋದರಮಾವನಷ್ಟು ಮೀನುಗಳಿಗೆ ಉಪಕಾರ ಮಾಡಿದವರು ಕುಂಬಳೆ ಹೊಳೆಯ ಎರಡು ದಡದಲ್ಲೂ ಇಲ್ಲ! ವಾರವಾರವೂ ಎರೆಹುಳು ಉಣಿಸಿದರು. ಪ್ರತಿಯಾಗಿ ಒಂದು ಮೀನನ್ನೂ ಪಡೆಯಲಿಲ್ಲ.

ಗಾಳಕ್ಕೆ ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು ಎಂಬುದು ಮಾವನ ಶಾಸ್ತ್ರ. ಯಾರಾದರೂ ಕೇಳಿದರೋ, ಅಲ್ಲಿಂದಲೇ ವಾಪಸು! ಹಾಗಾಗಿ ಚಿಕ್ಕವನಾದ ನಾನೂ ಅವರೂ ಕಳ್ಳರಂತೆ ಹಿತ್ತಲ ಬಾಗಿಲಿನಿಂದ ಹೊರಡುತ್ತಿದ್ದೆವು. ಒಮ್ಮೆ ನೆರೆಮನೆಯ ಸೆಲಿನ್ ಬಾಯಿ ಬೇಲಿಯಾಚೆಯಿಂದ, "ಎಲ್ಲಿಗೆ ಅಂತ ನಾನು ಕೇಳುದಿಲ್ಲ ಆಯ್ತಾ ಅಣ್ಣ!" ಎಂದರು. ಇದು ಕೇಳಿದ್ದೋ, ಕೇಳದೆ ಬಿಟ್ಟದ್ದೋ? ಮಾವ ನಿಂತು ಯೋಚಿಸಿ ಮುಗಿಸುವಷ್ಟರಲ್ಲಿ ಹೊಳೆಯಲ್ಲಿ ಉಬ್ಬರ ಮುಗಿದು ಇಳಿತ ಶುರುವಾಗಿತ್ತು, ಮೀನು ಕಚ್ಚುವ ಹೊತ್ತು ಕಳೆದಿತ್ತು.

ಈಚೆಗೆ ಇದನ್ನೆಲ್ಲ ಮಕ್ಕಳ ಕಥೆಯಾಗಿ ಬರೆದು, ಮಾವನನ್ನು ಅಜ್ಜ ಎಂದು ಕರೆಯುವ ಮಗಳಿಗೆ ಓದಿ ಹೇಳಿದೆ. ಅದರಲ್ಲೊಂದು ಹಗ್ಗ ಬರುತ್ತದೆ. ದಡದಲ್ಲಿ ಕೂತೊಡನೆ ಮಾವ ನನ್ನ ಸೊಂಟಕ್ಕೆ ದನದ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು.

"ಹಗ್ಗ ನಿಜವಾ ಅಪ್ಪ? ಹಾಗಾದ್ರೆ ನಾನೂ ಅಜ್ಜನ ಜೊತೆ ಗಾಳಕ್ಕೆ ಹೋಗ್ತೇನೆ!"

ನಿಜವಾ? ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಎಲ್ಲವನ್ನೂ ಅನುಮಾನಿಸುವುದೊಂದೇ. ಹಗ್ಗವಿದ್ದದ್ದು ನಿಜವಾದರೆ ಮಗಳನ್ನು ಅವರೊಂದಿಗೆ ಕಳಿಸಬಹುದು. ನನ್ನ ಕಲ್ಪನೆಯಾದರೆ? ಹಣೆಯ ಮೇಲಿನ ಕನ್ನಡಕವನ್ನು ಮನೆಯಿಡೀ ಹುಡುಕುವ ಮುದುಕರ ಕೈಗೆ ಮಗುವನ್ನು ಒಪ್ಪಿಸುವುದೆ? ಗಾಬರಿಯಿಂದ ಅಮ್ಮನಿಗೆ ಫೋನ್ ಮಾಡಿದೆ.

"ಹಗ್ಗವಾ? ನಿನ್ನನ್ನು ಕಟ್ಟಿದ್ರೆ ಮತ್ತೆ ದನವನ್ನು ಎಂತದ್ರಲ್ಲಿ ಕಟ್ಟುದು ಮಾರಾಯ?"

ಮಾವನನ್ನೇ ಕೇಳಿದೆ. "ಗಾಳದ ವಿಷಯ ಮನೆಯೊಳಗೆ ಮಾತಾಡ್ಲಿಕ್ಕಿಲ್ಲ" ಎಂದು ಎದ್ದು ಹೋದರು!

ಬೇರೆ ದಾರಿಯಿಲ್ಲದೆ ಭಾನುವಾರ ನಾನೂ ಜೊತೆಗೆ ಹೊರಟೆ, ಹಿತ್ತಲ ಬಾಗಿಲಿನಿಂದಲೇ. ಹೊಳೆ ತುಂಬಿತ್ತು. ಮಗಳು ಓಡಿ ದಡದ ತುದಿಯಲ್ಲಿ ಕೂತು ನೀರಿಗೆ ಕಾಲು ಇಳಿಬಿಟ್ಟಳು.

"ಮಾವ, ಅವಳನ್ನು ನೋಡಿ!"

ಮಾವ ನಿಧಾನವಾಗಿ ಚೀಲಕ್ಕೆ ಕೈ ಹಾಕಿದರು. ಹಗ್ಗ! ಸವೆದು ನಯವಾದ ಅದೇ ದನದ ಹಗ್ಗ! ಅದನ್ನು ಹಿಡಿದುಕೊಂಡು ಮಗಳನ್ನು ದಾಟಿ ನೇರ ನನ್ನ ಬಳಿ ಬಂದರು.

"ಅವಳಿಗೆ ಈಜು ಬರ್ತದಂತೆ, ದಾರಿಯಲ್ಲಿ ಕೇಳಿದೆ. ನಿಂಗೆ ಈಗ್ಲೂ ಬರುದಿಲ್ಲ ಅಲ್ವಾ? ಕೈ ಎತ್ತು."

ತಲೆ ನರೆತ ನಾನು ಕೈ ಎತ್ತಿ ನಿಂತೆ. ಮಗಳು ಬಿದ್ದು ಬಿದ್ದು ನಕ್ಕಳು. ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಬಿಗಿಯಲು ಹೊರಟ ಮಾವನ ಬೆರಳುಗಳು ನಡುಗುತ್ತಿದ್ದವು. ಆ ಗಂಟನ್ನು ನಾನೇ ಹಾಕಿದೆ.