ಬೆಲ್ಲದ ಬಣ್ಣಕ್ಕೆ ತಿರುಗಿದ ಗಡಿಯಾರ

ಗಡಿಯಾರವನ್ನು ಜನ ವೇಳೆ ನೋಡಲು ಕಟ್ಟಿಕೊಳ್ಳುತ್ತಾರೆ ಎಂದು ನಂಬಿದ್ದೀರಾ? ಹಾಗಾದರೆ ನೀವಿನ್ನೂ ಮಲ್ಕಾಜ್‌ಗಿರಿಯ ನಮ್ಮ ಕಾಕಾ ಅವರನ್ನು ಕಂಡಿಲ್ಲ! ರೈಲ್ವೆಯಿಂದ ನಿವೃತ್ತರಾದ ಈ ಮಹಾನುಭಾವರನ್ನು ವೇಳೆ ಕೇಳಿದರೆ ಗೋಡೆಯ ಕಡೆ ಕೈ ತೋರಿಸುತ್ತಾರೆ. ಕೈಗಡಿಯಾರ ಇರುವುದು ಬಣ್ಣ ನೋಡಲಿಕ್ಕೆ.

ಅದು ಮದುವೆಯಲ್ಲಿ ಅವರ ಮಾವ, ಅಂದರೆ ನಮ್ಮ ಕಾಕುವಿನ ಅಪ್ಪ, ಅಳಿಯನಿಗೆ ಕಟ್ಟಿದ ಗಡಿಯಾರ. ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೆ ಬಣ್ಣ ಬಳಿದಿರುತ್ತಾರಲ್ಲ, ನಾವೆಲ್ಲ ರೇಡಿಯಂ ಎನ್ನುತ್ತೇವಲ್ಲ, ಅದು ಮೊದಲು ಹಾಲಿನಂತೆ ಬೆಳ್ಳಗಿತ್ತಂತೆ. ವರ್ಷ ಕಳೆದಂತೆ ಹೊಳಪು ಸತ್ತು, ಕೆನೆಯಾಗಿ, ತುಪ್ಪವಾಗಿ, ಈಗ ಅಪ್ಪಟ ಬೆಲ್ಲದ ಬಣ್ಣ. ಮಟಮಟ ಮಧ್ಯಾಹ್ನ ಕಾಕಾ ಕತ್ತಲೆಗೆಂದು ಚಾದರ ಹೊದ್ದು, ಹೊಳಪಿನ ಪರೀಕ್ಷೆಗೆಂದು ನನ್ನನ್ನೂ ಒಳಗೆ ಕರೆಯುತ್ತಿದ್ದರು.

“ಏನರ ಹೊಳ್ಯಾಕತ್ತೈತೇನು?”

“ಏನೂ ಇಲ್ಲ ಕಾಕಾ.”

“ಶಾಭಾಸ್! ಪೂರಾ ಸತ್ತೈತಿ. ಇನ್ನ ಬಣ್ಣ ಭಾಳ ಚಂದ ಕೂಡ್ತೈತಿ!”

ಸತ್ತದ್ದಕ್ಕೆ ಶಾಭಾಸ್ ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಮ್ಮೆ ಹಿಮಾಯತ್‌ನಗರದ ಬೀಗರ ಮನೆಗೆ ಊಟಕ್ಕೆ ಹೋಗಿದ್ದೆವು. ಬೀಗರು ತಮ್ಮದೂ ಹಳೆಯ ಕಾಲದ್ದೆಂದು ಹೆಮ್ಮೆಯಿಂದ ಗಡಿಯಾರ ತೋರಿಸಿದರು. ತೋರಿಸಬಾರದಿತ್ತು! ಕಾಕಾ ಅದನ್ನು ಕೈಸಮೇತ ಕಿಟಕಿಯ ಬೆಳಕಿಗೆ ಎಳೆದೊಯ್ದರು. ಪಾಪ, ಬೀಗರ ಇನ್ನೊಂದು ಕೈಯಲ್ಲಿ ಹೋಳಿಗೆ.

“ಎಲ್ಲಾ ಅಂಕಿ ಒಂದ ಬಣ್ಣ ಅದಾವಲ್ರಿ! ತಾನಾಗಿ ಮಾಗಿದ್ದು ಒಂದೊಂದು ಒಂದೊಂದ ಥರಾ ಇರ್ತೈತಿ. ಇದನ್ನ ಯಾರೋ ಚಹಾದಾಗ ಅದ್ದಿ ತಗದಾರ!”

ಅಂದಿನಿಂದ ಬೀಗರು ನಮ್ಮಲ್ಲಿಗೆ ಬರುವಾಗ ಎಂಥ ಬೇಸಿಗೆಯಿದ್ದರೂ ತುಂಬುತೋಳಿನ ಅಂಗಿಯನ್ನೇ ಹಾಕುತ್ತಾರೆ.

ಕಾಕುವಿನ ಸಂಕಟವೇ ಬೇರೆ. ಬಂದವರೆಲ್ಲ “ತುಕ್ಕ ಹಿಡದೈತಲ್ಲ?” ಎಂದಾಗಲೆಲ್ಲ ಅವರಿಗೆ ತವರಿನ ಮರ್ಯಾದೆಯೇ ಹೋದಂತೆ. “ನಮ್ಮಪ್ಪ ಅಗ್ಗದ ವಾಚ್ ಕೊಟ್ಟಾನ ಅಂತ ಮಂದಿ ತಿಳಕೋತಾರವಾ,” ಎಂದು ನನ್ನೆದುರು ಕಣ್ಣೊರೆಸಿಕೊಳ್ಳುತ್ತಿದ್ದರು. ಬೆವರು ತಾಗೀತೆಂದು ಕಾಕಾ ಪರವೂರಿಗೆ ಹೋಗುವಾಗ ಗಡಿಯಾರವನ್ನು ಮನೆಯಲ್ಲೇ ಬಿಡುತ್ತಾರೆ. ಮೊನ್ನೆ ಅವರು ರಾಯಚೂರಿಗೆ ಹೋದದ್ದೇ ತಡ, ಕಾಕು ಅದನ್ನು ವಾಚ್ ಅಂಗಡಿಗೆ ಒಯ್ದು ಹೊಸ ಬಣ್ಣ ಹಾಕಿಸಿಬಿಟ್ಟರು!

ಕಾಕಾ ಮರಳಿ ಬಂದು ಡಬ್ಬಿ ತೆರೆದರು. ಅಂಕಿಗಳು ಬೆಳ್ಳಗೆ ಫಳಫಳ! ಅಲ್ಲೇ ಇದ್ದ ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ. ಕಾಕು ಮಾತ್ರ ಹಿಗ್ಗಿ ಹೀರೇಕಾಯಿ.

“ಹೆಂಗೈತ್ರಿ? ನಮ್ಮಪ್ಪ ಕೊಟ್ಟಾಗ ಹಿಂಗ ಇತ್ತಲ್ಲ! ಇನ್ನ ಜಿಂದಗಿ ಭರ್ ಬಣ್ಣ ತಿರಗೂದಿಲ್ಲಂತ. ದುಕಾನದಾಂವ ಗ್ಯಾರಂಟಿ ಕೊಟ್ಟಾನ.”

ಕಾಕಾ ಒಂದೊಂದೇ ಅಂಕಿಯ ಮೇಲಿನ ಗಾಜನ್ನು ಹೆಬ್ಬೆರಳಿನಿಂದ ಸವರಿದರು. ಕಣ್ಣು ತುಂಬಿತ್ತು. ಕಾಕುವಿನ ಮುಖ ಸಣ್ಣದಾಯಿತು.

“ತಪ್ಪ ಮಾಡಿದ್ನೇನ್ರಿ?”

ಕಾಕಾ ಎಡಗೈ ಮುಂದೆ ಚಾಚಿದರು.

“ನೀನ ಕಟ್ಟು. ಇದು ಮತ್ತ ಬೆಲ್ಲದ ಬಣ್ಣಕ್ಕ ಬರೂತನಾ ನಾ ಅಂತೂ ಸಾಯಾಂವಲ್ಲ. ಅವನ ಗ್ಯಾರಂಟಿ ಸುಳ್ಳಾಗೂದನ್ನ ಇಬ್ಬರೂ ಕೂಡೇ ನೋಡೂಣು. ನಡುವ ನನ್ನ ಬಿಟ್ಟು ಹೋದಿ ಅಂದ್ರ ನೋಡ ಮತ್ತ!”

“ನಾ ಎಲ್ಲಿಗೂ ಹೋಗಾಕಿ ಅಲ್ರಿ,” ಎಂದು ಕಾಕು ಪಟ್ಟಿ ಬಿಗಿದರು.