ಒಂದು 'ಸಿ' ಹೆಚ್ಚಾದ ಬೋರ್ಡು

ದರ್ಜಿಯ ಅಂಗಡಿಗೆ ಹೊಸ ಬೋರ್ಡು ಬಂದ ಬೆಳಗ್ಗೆ ಅದನ್ನು ಮೊದಲು ಓದಿದವರು ಎದುರುಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಓದಿದವರೇ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದರು.

"ಏನಾಯ್ತು ಸಾರ್? ನೀರು ಕೊಡ್ಲಾ?" ದರ್ಜಿ ಗಾಬರಿಯಿಂದ ಓಡಿಬಂದ. ಮೇಷ್ಟ್ರು ನಗು ತಡೆದುಕೊಂಡು ಬೋರ್ಡಿನತ್ತ ಬೆರಳು ತೋರಿದರು.

"ಆಲ್ಟರೇಶನ್ ಅಂದ್ರೆ ಬಟ್ಟೆ ಸರಿಮಾಡೋದು ಕಣಯ್ಯಾ. ನಿನ್ನ ಪೇಂಟರು ನಡುವೆ ಒಂದು 'ಸಿ' ತುರುಕಿ ಆಲ್ಟರ್ಕೇಶನ್ ಮಾಡಿಟ್ಟಿದಾನೆ. ಹಾಗಂದ್ರೆ ಜಗಳ! 'ಎಲ್ಲ ಬಗೆಯ ಜಗಳಗಳನ್ನು ಅಚ್ಚುಕಟ್ಟಾಗಿ ಮಾಡಿಕೊಡಲಾಗುವುದು' ಅಂತಾಯ್ತು!"

ದರ್ಜಿಯ ಮುಖ ಇಸ್ತ್ರಿ ತಾಗಿದ ನೈಲಾನಿನಂತೆ ಮುದುಡಿತು. ಜಗಳವೆಂದರೆ ಅವನಿಗೆ ಆಗದು. ಗಿರಾಕಿ ಬೈದರೆ ನಗುವವನು, ಹೆಂಡತಿ ಬೈದರೆ ಒಪ್ಪಿಕೊಳ್ಳುವವನು, ನಾಯಿ ಬೊಗಳಿದರೆ ರಸ್ತೆ ದಾಟಿಬಿಡುವವನು. ಆ ಅಕ್ಷರ ಕೆರೆದು ಹಾಕೋಣವೆಂದು ಸ್ಟೂಲು ತಂದರೆ, ಪಕ್ಕದ ಕಟಿಂಗ್ ಶಾಪಿನವನು ಅದನ್ನು ಕಿತ್ತುಕೊಂಡ.

"ಇರ್ಲಿ ಬಿಡಣ್ಣ, ಚೆನ್ನಾಗಿದೆ!"

ಅಷ್ಟಕ್ಕೇ ಸುಮ್ಮನಾಗದೆ, ಗಲ್ಲಕ್ಕೆ ಸೋಪು ಹಚ್ಚುತ್ತ ಹಚ್ಚುತ್ತ ಬಂದವರಿಗೆಲ್ಲ ಸುದ್ದಿ ಮುಟ್ಟಿಸಿದ.

ಸ್ವಲ್ಪ ಹೊತ್ತಿಗೆ ಹಿಂದಿನ ಬೀದಿಯ ಅಜ್ಜಿ ಪ್ರತ್ಯಕ್ಷರಾದರು.

"ಜಗಳ ಆಡಿಕೊಡೋನು ನೀನೇನಪ್ಪಾ? ನಾನು ಹಾಸಿಗೆ ಒಣಗಿಸಿದ್ರೆ ಮೇಲ್ಮನೆಯವನು ಅದರ ಮೇಲೇ ಒದ್ದೆ ಬಟ್ಟೆ ಹಿಂಡ್ತಾನೆ. ಕೇಳೋರಿಲ್ಲ."

"ಅಜ್ಜಿ, ಅದು ಸ್ಪೆಲ್ಲಿಂಗು..."

"ಸ್ಪೆಲ್ಲಿಂಗೋ ಗಿಲ್ಲಿಂಗೋ, ನಡಿ!"

ಕತ್ತಿನ ಟೇಪಿನ ಸಮೇತ ಅವನನ್ನು ಎಳೆದೊಯ್ದರು. ಹಿಂದೆ ಕಟಿಂಗ್ ಶಾಪಿನವನು, ಅವನ ಹಿಂದೆ ಅರ್ಧ ಗಡ್ಡದ ಗಿರಾಕಿ. ಮೇಲ್ಮನೆಯವನು ಬೀರುವಿನಂಥ ಆಳು. ದರ್ಜಿ "ಸ್ವಲ್ಪ..." ಎನ್ನುವಷ್ಟರಲ್ಲಿ, "ಹೋಗಯ್ಯಾ, ಚಿಂದಿ ಹೊಲಿಯೋನೆ!" ಎಂದು ಬಾಗಿಲು ಬಡಿದ. ಟೇಪಿನ ತುದಿ ಬಾಗಿಲ ಸಂದಿಗೆ ಸಿಕ್ಕಿಕೊಂಡಿತು.

ಆಗ ಏನಾಯಿತೋ, ಇಷ್ಟು ವರ್ಷ ನುಂಗಿದ್ದ ಮಾತೆಲ್ಲ ಒಟ್ಟಿಗೆ ದರ್ಜಿಯ ಗಂಟಲಿಗೆ ಬಂತು.

"ತೆಗೀರಿ ಬಾಗಿಲು! ಚಿಂದಿ ಹೊಲಿಯೋನಾ ನಾನು? ಆ ಹೊಟ್ಟೆಗೆ ಪ್ಯಾಂಟು ಹೊಲಿದು ನಿಮ್ಮ ಮಾನ ಉಳಿಸಿರೋನು ನಾನು! ಸೊಂಟದ ಅಳತೆ ಇಲ್ಲೇ ಕೂಗಿ ಹೇಳ್ಲಾ?"

ಬಾಗಿಲು ತೆರೆಯಿತು. ಅಕ್ಕಪಕ್ಕದ ಕಿಟಕಿಗಳೂ ತೆರೆದವು. ಮೇಲ್ಮನೆಯವನು ಕೈಮುಗಿದು, ಅಜ್ಜಿಯ ಹಾಸಿಗೆಯನ್ನು ತಾನೇ ಹೊತ್ತು ಒಳ್ಳೆ ಬಿಸಿಲಿಗೆ ಹಾಕಿದ.

ದರ್ಜಿಗೆ ರುಚಿ ಹತ್ತಿತು. ಕಟಿಂಗ್ ಶಾಪಿನ ದಾರಿಗೆ ಅಡ್ಡ ಕಾರು ನಿಲ್ಲಿಸುತ್ತಿದ್ದ ಬ್ಯಾಂಕಿನವನನ್ನು ಗದರಿಸಿ ಕಾರು ತೆಗೆಸಿದ. ಕೊಳೆತ ಟೊಮೇಟೊ ತಳಕ್ಕೆ ಹಾಕಿ ಮಾರುತ್ತಿದ್ದ ತರಕಾರಿಯವನ ಬುಟ್ಟಿಯನ್ನು ಬೀದಿಯಲ್ಲೇ ಬೋರಲು ಹಾಕಿ ತೋರಿಸಿದ. ಮೇಷ್ಟ್ರ ಪೇಪರನ್ನು ದಿನವೂ ಮೊದಲೇ ಕದ್ದು ಓದುತ್ತಿದ್ದ ಪಕ್ಕದ ಮನೆಯವನಿಂದ ಕ್ಷಮೆ ಕೇಳಿಸಿದ. ಊಟದ ನೆನಪೂ ಆಗಲಿಲ್ಲ. ಸಂಜೆ ಜನ ಅವನನ್ನು ಮದುಮಗನ ಹಾಗೆ ನಡುವೆ ಇಟ್ಟುಕೊಂಡು ಅಂಗಡಿಗೆ ಕರೆತಂದರು. ಬೆಳಗಿನ ಅಂಗಿ ಈಗ ಅವನ ಎದೆಗೆ ಬಿಗಿಯಾಗುತ್ತಿತ್ತು.

ಅಂಗಡಿಯ ಮುಂದೆ ಒಬ್ಬ ನರ್ಸಮ್ಮ ಕಾಯುತ್ತಿದ್ದಳು.

"ಜಗಳ ಆಡಿಕೊಡೋರು ನೀವೇನಾ?"

"ನಾನೇ ತಾಯಿ. ಯಾರ ಮೇಲೆ, ಅಷ್ಟು ಹೇಳಿ."

"ನಾಳೆ ಬೆಳಗ್ಗೆ ನಮ್ಮ ತಮ್ಮನ ಮದುವೆ. ಇವತ್ತು ಮಧ್ಯಾಹ್ನಕ್ಕೆ ಮುಗಿಸಿಕೊಡ್ತೀನಿ ಅಂತ ಮಾತು ಕೊಟ್ಟೋರು ಕೆಲಸ ಮುಟ್ಟೇ ಇಲ್ಲ. ಎಷ್ಟು ಸಲ ಬಂದ್ರೂ ಆಸಾಮಿ ನಾಪತ್ತೆ."

ದರ್ಜಿ ಕುರ್ಚಿಯ ಮೇಲೆ ಹತ್ತಿ ನಿಂತ.

"ಕೇಳಿಸ್ಕೊಂಡ್ರಾ ಎಲ್ಲಾರೂ? ಮದುವೆ ಮನೆಯವರ ಹೊಟ್ಟೆ ಉರಿಸೋನಿಗೆ ಕಸುಬು ಯಾಕ್ರೀ ಬೇಕು? ನಾಚಿಕೆ ಇಲ್ವಾ? ಅಂಥೋನನ್ನ ಕುತ್ತಿಗೆ ಹಿಡಿದು ಕೂರಿಸ್ಬೇಕು. ಬೆಳಗಾದ್ರೂ ಸರಿ, ಕೆಲಸ ಮುಗಿಯೋವರೆಗೆ ಏಳೋಕೆ ಬಿಡಬಾರ್ದು!"

ಬೀದಿ ತುಂಬ ಚಪ್ಪಾಳೆ.

"ಎಲ್ಲಿದಾನೆ ಅವನು? ನಡೀರಿ ತಾಯಿ!"

"ಎಲ್ಲಿಗೂ ಹೋಗೋದು ಬೇಡ," ಎಂದ ನರ್ಸಮ್ಮ ಅಂಗಡಿಯೊಳಗೆ ಕೈತೋರಿದಳು. "ತೋಳಿಲ್ಲದೆ ನೇತಾಡ್ತಿದೆಯಲ್ಲ ಆ ನೀಲಿ ಕೋಟು, ಅದು ನಮ್ಮ ತಮ್ಮಂದು."

ಎಲ್ಲರ ಕಣ್ಣೂ ಕೋಟಿನಿಂದ ದರ್ಜಿಯ ಕಡೆಗೆ ತಿರುಗಿದವು. ಆಮೇಲೆ ಚಪ್ಪಾಳೆ ಮೊದಲಿಗಿಂತ ಜೋರಾಯಿತು.

"ಇವತ್ತಿನ ಜಗಳಗಳಲ್ಲೆಲ್ಲ ಇದೇ ದೊಡ್ಡ ಗೆಲುವು ಕಣಣ್ಣ!" ಎಂದು ಕಟಿಂಗ್ ಶಾಪಿನವನು ಅವನನ್ನು ಅನಾಮತ್ತಾಗಿ ಇಳಿಸಿ ಮಿಷನ್ನಿನ ಮುಂದೆ ಕೂರಿಸಿದ. ನರ್ಸಮ್ಮ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಳು.

"ಏಳೋಕೆ ಬಿಡಬಾರ್ದು ಅಂತ ನೀವೇ ಹೇಳಿದ್ರಲ್ಲ."

ದರ್ಜಿ ಕೋಟಿನ ತೋಳು ಎತ್ತಿಕೊಂಡು, ಸೂಜಿಗೆ ದಾರ ಪೋಣಿಸತೊಡಗಿದ.